ಫೋನಿಗೆ ಲಿನಕ್ಸ್ ಲ್ಯಾಪ್‌ಟಾಪ್ ಕಾಣದಿದ್ದಾಗ ಎಲ್ಲಿಂದ ಹುಡುಕಬೇಕು

ಕಳೆದ ಮಳೆಗಾಲದ ಒಂದು ರಾತ್ರಿ ಪೆರ್ಲದ ಕಡೆಯ ಕನ್ನಡ ಶಾಲೆಯೊಂದರ ಟೀಚರ್ ಫೋನ್ ಮಾಡಿದರು. ಮರುದಿನ ಏಳನೆಯ ತರಗತಿಗೆ ತೋರಿಸಬೇಕಾದ ವೀಡಿಯೊ ಅವರ ಮೊಬೈಲಿನಲ್ಲಿತ್ತು. ಅದು ಕೆಡಿಇ ಕನೆಕ್ಟ್ ಎಂಬ ಆ್ಯಪಿನ ಮೂಲಕ, ಶಾಲೆಯಿಂದ ಮನೆಗೆ ತಂದಿದ್ದ ಲಿನಕ್ಸ್ ಲ್ಯಾಪ್‌ಟಾಪಿಗೆ ಹೋಗಬೇಕಿತ್ತು. “ಆ್ಯಪನ್ನು ನಾಲ್ಕು ಸಲ ತೆಗೆದು ಹಾಕಿದೆ ಮಾಷ್ಟ್ರೇ, ಲ್ಯಾಪ್‌ಟಾಪನ್ನೂ ಆಫ್ ಮಾಡಿ ಆನ್ ಮಾಡಿದೆ. ಪಟ್ಟಿಯಲ್ಲಿ ಹೆಸರೇ ಬರುವುದಿಲ್ಲ” ಎಂದರು. ಫೋನಿನ ಮೇಲ್ತುದಿಯಲ್ಲಿ ವೈಫೈ ಗುರುತು ಇದೆಯೇ ಎಂದು ಕೇಳಿದೆ. ಇರಲಿಲ್ಲ. ಸಂಜೆ ಕರೆಂಟ್ ಹೋಗಿ ಬಂದಾಗ ಫೋನು ವೈಫೈ ಬಿಟ್ಟು ಮೊಬೈಲ್ ಡೇಟಾ ಹಿಡಿದಿತ್ತು. ಲ್ಯಾಪ್‌ಟಾಪ್ ಮಾತ್ರ ವೈಫೈಯಲ್ಲೇ ಇತ್ತು. ಎರಡರಲ್ಲೂ ಇಂಟರ್ನೆಟ್ ಬರುತ್ತಿದ್ದುದರಿಂದ ಅವರಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ. ಅರ್ಧ ನಿಮಿಷದ ಕೆಲಸಕ್ಕಾಗಿ ಒಬ್ಬ ಟೀಚರ್ ಎರಡು ಗಂಟೆ ಕಳೆದುಕೊಂಡಿದ್ದರು. ಮರುದಿನವೇ ಈ ಬರಹವನ್ನು ಶುರುಮಾಡಿದೆ.

ವಿಂಡೋಸ್‌ನ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಕಾಸರಗೋಡಿನ ಕನ್ನಡಿಗರಿಗೆ ಹೊಸತಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಯಿತು, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಯ ಲ್ಯಾಪ್‌ಟಾಪುಗಳಲ್ಲಿ ಇರುವುದು ಉಬುಂಟು ಎಂಬ ಲಿನಕ್ಸನ್ನು ಆಧರಿಸಿದ ಸ್ವತಂತ್ರ ತಂತ್ರಾಂಶ. ಹೀಗಾಗಿ ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ, ಮಂಜೇಶ್ವರಗಳ ಕನ್ನಡ ಮಾಧ್ಯಮದ ಮಕ್ಕಳು ಮೊದಲು ಮುಟ್ಟುವ ಕಂಪ್ಯೂಟರೇ ಲಿನಕ್ಸ್. ಗಡಿಯ ತಲಪಾಡಿಯ ಆಚೆ, ಕರ್ನಾಟಕದಲ್ಲಿರುವ ನನ್ನ ಬಂಧುಗಳು ಅದನ್ನು ಎಂಜಿನಿಯರುಗಳ ವಿಷಯವೆಂದುಕೊಂಡಿದ್ದಾರೆ. ಇಲ್ಲಿ ಅದು ಕಪ್ಪುಹಲಗೆಯಷ್ಟೇ ಸಹಜ. ಆದರೆ ಏನಾದರೂ ಕೈಕೊಟ್ಟರೆ ಸಿಗುವ ಸಲಹೆ ಬಹುಪಾಲು ಮಲಯಾಳದಲ್ಲಿರುತ್ತದೆ, ಇಲ್ಲವಾದರೆ ಇಂಗ್ಲಿಷಿನಲ್ಲಿ. ಮಲಯಾಳ ಮಾತನಾಡಲು ಬರುವವರಿಗೂ ಓದುವುದು ಕಷ್ಟವಾಗುತ್ತದೆ. ಕನ್ನಡದಲ್ಲಿ ಕಲಿಸುವವರಿಗೆ ಕನ್ನಡದಲ್ಲೇ ಪರಿಹಾರ ಸಿಗಬೇಕು ಎಂಬುದು ನನ್ನ ಹಟ.

ಓದುವ ಮೊದಲು ಒಂದು ಸೂಚನೆ. ಟರ್ಮಿನಲ್ ಎಂದರೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ. ಟರ್ಮಿನಲ್‌ನಲ್ಲಿ ಕೊಡಬೇಕಾದ ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ, ಫೋನಿನಲ್ಲಿ ಹೇಳಿಕೊಡುವ ಹಾಗೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನು ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದ್ದೇನೆ.

ಮೊದಲು ದಾರಿ ಯಾವುದೆಂದು ತಿಳಿಯಿರಿ

ಫೋನನ್ನೂ ಲಿನಕ್ಸನ್ನೂ ತಂತಿಯಿಲ್ಲದೆ ಜೋಡಿಸಲು ಎರಡು ದಾರಿಗಳಿವೆ. ಒಂದು ಬ್ಲೂಟೂತ್. ಇನ್ನೊಂದು ವೈಫೈ ಮೂಲಕ ಕೆಲಸ ಮಾಡುವ ಕೆಡಿಇ ಕನೆಕ್ಟ್ ಎಂಬ ಆ್ಯಪ್. ಆಲ್ಬರ್ಟ್ ವಾಕಾ ಎಂಬವರು 2013ರಲ್ಲಿ ಗೂಗಲ್‌ನ ಬೇಸಿಗೆ ಕಾರ್ಯಕ್ರಮದಡಿ ಇದನ್ನು ಬೆಳೆಸಿದರು. ಉಬುಂಟುವಿನಲ್ಲಿ ಕಿಟಕಿ, ಮೆನುಗಳನ್ನು ತೋರಿಸುವ ಗ್ನೋಮ್ ಪರದೆಗೆ ಇದರದೇ ಭಾಷೆ ಮಾತನಾಡುವ ಜಿಎಸ್‌ಕನೆಕ್ಟ್ ಎಂಬ ವಿಸ್ತರಣೆ ಇದೆ. ಫೋನಿನಲ್ಲಿ ಎರಡಕ್ಕೂ ಅದೇ ಕೆಡಿಇ ಕನೆಕ್ಟ್ ಆ್ಯಪ್ ಸಾಕು. ಪ್ಲೇ ಸ್ಟೋರ್‌ನಲ್ಲೂ ಎಫ್-ಡ್ರಾಯ್ಡ್‌ನಲ್ಲೂ ಅದು ಉಚಿತವಾಗಿ ಸಿಗುತ್ತದೆ.

ಬ್ಲೂಟೂತ್, ವೈಫೈ ಈ ಎರಡು ದಾರಿಗಳನ್ನೂ ಬೆರೆಸಿ ಗೊಂದಲ ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ. ಬ್ಲೂಟೂತ್‌ನಲ್ಲಿ ಪೇರ್ ಮಾಡಿಟ್ಟು, ಕೆಡಿಇ ಕನೆಕ್ಟ್‌ನಲ್ಲಿ ಲ್ಯಾಪ್‌ಟಾಪ್ ಏಕೆ ಬರುತ್ತಿಲ್ಲ ಎಂದು ಕೇಳುತ್ತಾರೆ. ಒಂದರ ಪೇರಿಂಗ್ ಇನ್ನೊಂದಕ್ಕೆ ಉಪಯೋಗವಿಲ್ಲ. ಹೆಡ್‌ಫೋನ್, ಸ್ಪೀಕರ್, ಒಂದೆರಡು ಫೋಟೊ ಇಷ್ಟಕ್ಕೆ ಬ್ಲೂಟೂತ್ ಸಾಕು. ದೊಡ್ಡ ಕಡತಗಳಿಗೆ ವೈಫೈಯೇ ಸರಿ. ಲೆಕ್ಕ ಹಾಕಿ ನೋಡಿ: ಬ್ಲೂಟೂತ್‌ನಲ್ಲಿ ಸೆಕೆಂಡಿಗೆ ಸುಮಾರು 200 ಕಿಲೋಬೈಟ್ ಹೋದರೆ, 200 ಮೆಗಾಬೈಟಿನ ಒಂದು ತಾಳಮದ್ದಳೆಯ ಧ್ವನಿಮುದ್ರಣ ದಾಟಲು ಹದಿನೇಳು ನಿಮಿಷ ಬೇಕು. ಮನೆಯ ವೈಫೈಯಲ್ಲಿ ಅದೇ ಕೆಲಸ ಒಂದು ನಿಮಿಷದೊಳಗೆ ಮುಗಿಯುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಮಳೆಗಾಲ ಬಂತೆಂದರೆ ಪ್ರತಿ ಫೋನಿನಲ್ಲೂ ಇಂಥ ಮುದ್ರಣಗಳು ತುಂಬುವುದರಿಂದ ಈ ಲೆಕ್ಕವನ್ನು ಮೊದಲೇ ಹೇಳಿದೆ.

ವೈಫೈ ದಾರಿ: ಒಂದೇ ಅಂಗಳದಲ್ಲಿ ಇದ್ದಾರೆಯೇ?

ಕೆಡಿಇ ಕನೆಕ್ಟ್ ಇಂಟರ್ನೆಟ್ಟಿನ ಮೂಲಕ ಹೋಗುವುದಿಲ್ಲ. ಲ್ಯಾಪ್‌ಟಾಪೂ ಫೋನೂ ಒಂದೇ ಸ್ಥಳೀಯ ಜಾಲದಲ್ಲಿದ್ದು, “ನಾನು ಇಲ್ಲಿದ್ದೇನೆ” ಎಂದು 1716 ಎಂಬ ಪೋರ್ಟ್‌ನಲ್ಲಿ, ಅಂದರೆ ಸಂಖ್ಯೆ ಹಾಕಿದ ಬಾಗಿಲಿನಲ್ಲಿ, ಯುಡಿಪಿ ಎಂಬ ರೀತಿಯ ಸಂದೇಶದ ಮೂಲಕ ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತವೆ. ಆ ಕೂಗು ಕೇಳಿದ ಯಂತ್ರ ಟಿಸಿಪಿ ಎಂಬ ಇನ್ನೊಂದು ರೀತಿಯಲ್ಲಿ ಉತ್ತರಿಸುತ್ತದೆ, ಆಮೇಲಿನ ಮಾತುಕತೆಯೆಲ್ಲ ಗೂಢಲಿಪಿಯಲ್ಲಿ ನಡೆಯುತ್ತದೆ. ಕೂಗು ತಲುಪದಿದ್ದರೆ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಆ್ಯಪನ್ನು ನೂರು ಸಲ ತೆಗೆದು ಹಾಕಿದರೂ ಕೂಗು ತಲುಪುವುದಿಲ್ಲ. ಹಾಗಾಗಿ ನನ್ನ ಕ್ರಮ ಇಷ್ಟೇ: ಫೋನನ್ನಾಗಲಿ ಲ್ಯಾಪ್‌ಟಾಪನ್ನಾಗಲಿ ಮುಟ್ಟುವ ಮೊದಲು ಅವೆರಡರ ನಡುವಿನ ದಾರಿಯನ್ನು ನೋಡುತ್ತೇನೆ. ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಆ ದಾರಿಯಲ್ಲೇ ಇದ್ದವು.

ಎರಡರಲ್ಲೂ ವೈಫೈ ಹೆಸರನ್ನು ಓದಿ. ಹೆಸರು ಅಕ್ಷರಶಃ ಒಂದೇ ಇರಬೇಕು. ಕೊನೆಯಲ್ಲಿ ‘ಗೆಸ್ಟ್’ ಎಂದಿರುವ ಜಾಲವಾದರೆ ಅದು ಬೇಡ. ಅತಿಥಿ ಜಾಲವನ್ನು ಮಾಡುವುದೇ ಅದರಲ್ಲಿರುವವರು ಮನೆಯ ಉಳಿದ ಯಂತ್ರಗಳನ್ನು ನೋಡದಿರಲಿ ಎಂದು. ಹೆಸರಿನ ಕೊನೆಯಲ್ಲಿ 5ಜಿ ಎಂದಿರುವುದು, ಇಲ್ಲದಿರುವುದು ಎಂದು ಎರಡು ಹೆಸರುಗಳಿದ್ದರೆ, ಸಾಮಾನ್ಯವಾಗಿ ಎರಡೂ ಒಂದೇ ಜಾಲ. ಆದರೂ ಪರೀಕ್ಷೆಯ ಹೊತ್ತಿಗೆ ಎರಡು ಯಂತ್ರಗಳನ್ನೂ ಒಂದೇ ಹೆಸರಿಗೆ ಸೇರಿಸಿ, ಸಂಶಯವೊಂದು ಕಡಿಮೆಯಾಗುತ್ತದೆ.

ಹೆಸರು ಒಂದೇ ಆಗಿದ್ದರೂ ಮೋಸಹೋಗುವ ಒಂದು ಸಂದರ್ಭ ನಮ್ಮ ಕಡೆ ಮತ್ತೆ ಮತ್ತೆ ಎದುರಾಗುತ್ತದೆ. ಮುರಕಲ್ಲಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಚಾವಡಿಯ ವೈಫೈ ಉಪ್ಪರಿಗೆಗೆ ಏರುವುದಿಲ್ಲ. ಆಗ ಯಾರೋ ಬಂದು ಮೇಲೆ ಇನ್ನೊಂದು ರೂಟರ್ ಹಾಕಿ, ಅದಕ್ಕೂ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಹೋಗುತ್ತಾರೆ. ಇಂಟರ್ನೆಟ್ ಎಲ್ಲೆಡೆ ಚೆನ್ನಾಗಿ ಬರುತ್ತದೆ. ಆದರೆ ಮೇಲಿನ ರೂಟರ್ ತನ್ನದೇ ಬೇರೆ ಜಾಲ ಕಟ್ಟಿಕೊಂಡಿರುತ್ತದೆ. ಫೋನು ಉಪ್ಪರಿಗೆಯದಕ್ಕೆ, ಲ್ಯಾಪ್‌ಟಾಪ್ ಚಾವಡಿಯದಕ್ಕೆ ಅಂಟಿಕೊಂಡರೆ ಒಂದರ ಕೂಗು ಇನ್ನೊಂದಕ್ಕೆ ಕೇಳುವುದಿಲ್ಲ.

ಇದನ್ನು ಹಿಡಿಯುವ ಉಪಾಯ ಐಪಿ ವಿಳಾಸ, ಅಂದರೆ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಸಿಗುವ ಸಂಖ್ಯೆ. ಲ್ಯಾಪ್‌ಟಾಪಿನ ಟರ್ಮಿನಲ್ ತೆರೆದು ‘ಹೋಸ್ಟ್‌ನೇಮ್’ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಸಿ ದೊಡ್ಡಕ್ಷರದ ‘ಐ’ ಬರೆದು ಎಂಟರ್ ಒತ್ತಿ. 192.168.1.5 ಎಂಬಂಥ ಸಂಖ್ಯೆ ಬರುತ್ತದೆ. ಫೋನಿನಲ್ಲಿ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ ಜಾಲದ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ಅದರ ಐಪಿಯೂ ಕಾಣಿಸುತ್ತದೆ. ಮನೆಯ ಜಾಲಗಳಲ್ಲಿ ಮೊದಲ ಮೂರು ಸಂಖ್ಯೆಗಳು ಎರಡರಲ್ಲೂ ಒಂದೇ ಆಗಿರಬೇಕು. ಒಂದರಲ್ಲಿ 192.168.1, ಇನ್ನೊಂದರಲ್ಲಿ 192.168.0 ಎಂದಿದ್ದರೆ ಎರಡೂ ಬೇರೆ ಬೇರೆ ಅಂಗಳದಲ್ಲಿವೆ. ತಾತ್ಕಾಲಿಕ ಪರಿಹಾರ, ಎರಡನ್ನೂ ಹಿಡಿದುಕೊಂಡು ಒಂದೇ ರೂಟರಿನ ಹತ್ತಿರ ಕೂತು ವೈಫೈ ಆಫ್ ಮಾಡಿ ಮತ್ತೆ ಆನ್ ಮಾಡುವುದು. ಶಾಶ್ವತ ಪರಿಹಾರ ಬೇಕೆಂದರೆ ಮೇಲಿನ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಬದಲಾಯಿಸಲು ಕೇಬಲ್‌ನವರಿಗೆ ಹೇಳಿ. ಈ ಪದವನ್ನೇ ಬಳಸಿ ಹೇಳಿ, ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಸಂಖ್ಯೆಗಳು ಹೊಂದಿದರೆ, ಫೋನಿನ ಪರದೆ ಬೆಳಗಿರುವಾಗಲೇ ಲ್ಯಾಪ್‌ಟಾಪಿನಿಂದ ಅದನ್ನು ತಟ್ಟಿ ನೋಡಿ: ‘ಪಿಂಗ್’ ಎಂದು ಬರೆದು, ಜಾಗ ಬಿಟ್ಟು ಫೋನಿನ ಐಪಿ ಸಂಖ್ಯೆ. ಸಾಲು ಸಾಲಾಗಿ ಮಿಲಿಸೆಕೆಂಡುಗಳ ಲೆಕ್ಕ ಬಂದರೆ ದಾರಿ ಸರಿಯಿದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ. ಉತ್ತರವೇ ಬಾರದಿದ್ದರೆ ಅಥವಾ ತಲುಪಲಾಗಲಿಲ್ಲ ಎಂಬ ಸಂದೇಶ ಬಂದರೆ, ರೂಟರ್ ತನ್ನಲ್ಲಿರುವ ಯಂತ್ರಗಳನ್ನು ಪರಸ್ಪರ ಮಾತನಾಡಲು ಬಿಡುತ್ತಿಲ್ಲ ಎಂದು ಸಂಶಯಪಡಬೇಕು. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಇದರ ಹೆಸರು ಎಪಿ ಐಸೊಲೇಶನ್ ಅಥವಾ ಕ್ಲೈಂಟ್ ಐಸೊಲೇಶನ್. ನಿಮ್ಮ ಸ್ವಂತ ಮನೆಯ ರೂಟರಾದರೆ ಅದನ್ನು ಆಫ್ ಮಾಡಬಹುದು. ಶಾಲೆ, ಕಾಲೇಜು, ಕಚೇರಿ, ಗ್ರಂಥಾಲಯಗಳ ವೈಫೈಯಲ್ಲಿ ಇದನ್ನು ಬೇಕೆಂದೇ ಹಾಕಿರುತ್ತಾರೆ, ನೂರಾರು ಜನರ ಫೋನುಗಳ ಸುರಕ್ಷತೆಗಾಗಿ. ಅಲ್ಲಿ ಅದರೊಡನೆ ಗುದ್ದಾಡಬೇಡಿ, ಹಾಟ್‌ಸ್ಪಾಟ್ ಬಳಸಿ.

ಹಾಟ್‌ಸ್ಪಾಟ್ ವಿಚಾರ ಬಂದಿದ್ದರಿಂದ ಒಂದು ಭಯವನ್ನು ಕಳೆಯುತ್ತೇನೆ. ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿದರೆ ಅವೆರಡೂ ಒಂದೇ ಜಾಲಕ್ಕೆ ಬರುತ್ತವೆ, ಮತ್ತು ಅವುಗಳ ನಡುವೆ ಹೋಗುವ ಕಡತಕ್ಕೆ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಡೇಟಾ ಆಫ್ ಮಾಡಿಟ್ಟರೂ ಕಡತ ಹೋಗುತ್ತದೆ. ಗುಡ್ಡದಾಚೆಗೆ ಟವರ್ ಸಿಗದ ತೋಟದ ಮನೆಯಲ್ಲೂ ಇದು ನಡೆಯುತ್ತದೆ. ಡೇಟಾ ಮುಗಿದೀತು ಎಂದು ಹೆದರಿ ಹಾಟ್‌ಸ್ಪಾಟ್ ಮುಟ್ಟದ ಎಷ್ಟೋ ಟೀಚರುಗಳಿದ್ದಾರೆ. ಡೇಟಾವನ್ನು ಆನ್ ಇಟ್ಟರೆ ಮಾತ್ರ ಲ್ಯಾಪ್‌ಟಾಪ್ ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಸಿಕೊಂಡು ಡೇಟಾ ತಿನ್ನಬಹುದು, ಅದಕ್ಕಾಗಿ ಆಫ್ ಮಾಡಿಯೇ ಕಡತ ಕಳುಹಿಸಿ.

ದಾರಿ ಇದೆ, ಬಾಗಿಲು ಮುಚ್ಚಿದೆ

ಪಿಂಗ್‌ಗೆ ಉತ್ತರ ಬಂದೂ ಹೆಸರು ಕಾಣದಿದ್ದರೆ ಈಗ ಲ್ಯಾಪ್‌ಟಾಪನ್ನು ನೋಡಿ. ಮೊದಲಿಗೆ, ಕೆಡಿಇ ಕನೆಕ್ಟ್ ಮತ್ತು ಜಿಎಸ್‌ಕನೆಕ್ಟ್ ಎರಡನ್ನೂ ಒಟ್ಟಿಗೆ ಇನ್‌ಸ್ಟಾಲ್ ಮಾಡಿದ್ದೀರಾ? ಎರಡೂ 1716 ಪೋರ್ಟ್‌ಗಾಗಿಯೇ ಪೈಪೋಟಿ ನಡೆಸುತ್ತವೆ. ಒಂದನ್ನು ತೆಗೆಯಿರಿ. ಗ್ನೋಮ್ ಪರದೆಯಾದರೆ ಜಿಎಸ್‌ಕನೆಕ್ಟ್ ಉಳಿಸಿ, ಕೆಡಿಇ ಪ್ಲಾಸ್ಮಾ ಆದರೆ ಕೆಡಿಇ ಕನೆಕ್ಟ್. ಮಿಂಟ್ ಎಂಬ ಲಿನಕ್ಸ್ ಬಳಸುವವರಿಗೂ ಕೆಡಿಇ ಕನೆಕ್ಟೇ ಆಗಬಹುದು. ಉಬುಂಟುವನ್ನು ಇತ್ತೀಚೆಗೆ ಮುಂದಿನ ಆವೃತ್ತಿಗೆ ಏರಿಸಿದ್ದರೆ, ಹಳೆಯ ಜಿಎಸ್‌ಕನೆಕ್ಟ್ ಹೊಸ ಗ್ನೋಮ್‌ಗೆ ಹೊಂದದೆ ತಾನಾಗಿಯೇ ನಿಂತುಹೋಗಿರಬಹುದು. ಎಕ್ಸ್‌ಟೆನ್ಶನ್ಸ್ ಆ್ಯಪ್ ತೆರೆದು ಅದು ಆನ್ ಆಗಿದೆಯೇ ಎಂದು ನೋಡಿ, ಇಲ್ಲದಿದ್ದರೆ ಅದನ್ನೂ ಅಪ್‌ಡೇಟ್ ಮಾಡಿ.

ಮುಂದೆ ಫೈರ್‌ವಾಲ್, ಅಂದರೆ ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಕಾವಲು. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಇರುತ್ತದೆ, ಆದರೆ ಮೊದಲಿಗೆ ಆಫ್ ಆಗಿರುತ್ತದೆ. ಯಾರಾದರೂ ಆನ್ ಮಾಡಿದ್ದರೆ ಗೊತ್ತಾಗಲು ‘ಸುಡೋ ಯುಎಫ್‌ಡಬ್ಲ್ಯು ಸ್ಟೇಟಸ್’ ಎಂದು ಕೊಡಿ. ಇನ್‌ಆಕ್ಟಿವ್ ಎಂದರೆ ತೊಂದರೆ ಅದರದಲ್ಲ. ಆಕ್ಟಿವ್ ಎಂದರೆ ಕೆಡಿಇ ಕನೆಕ್ಟ್‌ಗೆ ಬೇಕಾದ 1714ರಿಂದ 1764ರವರೆಗಿನ ಪೋರ್ಟ್‌ಗಳನ್ನು ತೆರೆಯಬೇಕು: ‘ಸುಡೋ ಯುಎಫ್‌ಡಬ್ಲ್ಯು ಅಲೋ 1714:1764/ಯುಡಿಪಿ’. ಅದೇ ಸಾಲನ್ನು ಕೊನೆಯಲ್ಲಿ ಟಿಸಿಪಿ ಎಂದು ಬದಲಾಯಿಸಿ ಇನ್ನೊಮ್ಮೆ ಕೊಡಿ. ಎರಡೂ ಬೇಕು. ಯುಡಿಪಿ ಒಂದನ್ನೇ ತೆರೆದರೆ ಫೋನಿನ ಕೂಗು ಕೇಳಿಸುತ್ತದೆ, ಆದರೆ ಲ್ಯಾಪ್‌ಟಾಪಿನ ಕೂಗಿಗೆ ಫೋನು ಕೊಡುವ ಉತ್ತರ ಒಳಬರಲು ಬಾಗಿಲಿರುವುದಿಲ್ಲ. ಫೈರ್‌ವಾಲ್‌ಡಿ ಎಂಬ ಬೇರೆ ಫೈರ್‌ವಾಲ್ ಬಳಸುವ ಓಪನ್‌ಸುಸೆಯಂಥ ಲಿನಕ್ಸ್‌ಗಳಲ್ಲಿ ಫೈರ್‌ವಾಲ್ ಸೆಟ್ಟಿಂಗ್ಸ್‌ನ ಸೇವೆಗಳ ಪಟ್ಟಿಯಲ್ಲಿ ಕೆಡಿಇಕನೆಕ್ಟ್ ಎಂಬ ಹೆಸರೇ ಇರುತ್ತದೆ, ಅದಕ್ಕೆ ಗುರುತು ಹಾಕಿದರೆ ಸಾಕು.

ಶಾಲೆಯ ಲ್ಯಾಪ್‌ಟಾಪಾದರೆ ಫೈರ್‌ವಾಲ್ ಮುಟ್ಟುವ ಮೊದಲು ನಿಮ್ಮ ಎಸ್‌ಐಟಿಸಿಗೆ, ಅಂದರೆ ಶಾಲೆಯ ಐಟಿ ಸಂಯೋಜಕರಿಗೆ, ಒಂದು ಮಾತು ತಿಳಿಸಿ. ಆ ಯಂತ್ರದ ಜವಾಬ್ದಾರಿ ಅವರ ಹೆಸರಿನಲ್ಲಿರುತ್ತದೆ. ನಾನೂ ಆ ಕೆಲಸ ಮಾಡಿದವನು. ಯಾರು ಯಾವಾಗ ಏನು ಬದಲಾಯಿಸಿದರೆಂದು ತಿಳಿಯದೆ ಹುಡುಕುವುದು ಬಹಳ ಕಷ್ಟ.

ಫೋನಿನಲ್ಲಿ ನೋಡಬೇಕಾದದ್ದು ಎರಡು. ಫೋನಿನ ಸಂಪರ್ಕವನ್ನು ಬೇರೆ ದಾರಿಯಿಂದ ತಿರುಗಿಸುವ ವಿಪಿಎನ್ ಆನ್ ಇದ್ದರೆ ಆಫ್ ಮಾಡಿ. ಜಾಹೀರಾತು ತಡೆಯುವ ಕೆಲವು ಆ್ಯಪ್‌ಗಳೂ ಒಳಗೊಳಗೆ ವಿಪಿಎನ್ ಆಗಿಯೇ ಕೆಲಸ ಮಾಡುತ್ತವೆ, ಮೇಲ್ತುದಿಯಲ್ಲಿ ಬೀಗದ ಕೈಯ ಗುರುತು ಇದ್ದರೆ ಅದೇ ಸುಳಿವು. ಇನ್ನೊಂದು, ಕೆಡಿಇ ಕನೆಕ್ಟ್ ಆ್ಯಪಿನೊಳಗೆ ‘ಟ್ರಸ್ಟೆಡ್ ನೆಟ್‌ವರ್ಕ್ಸ್’ ಎಂಬ ಆಯ್ಕೆ. ಇದನ್ನು ಯಾವುದೋ ಒಂದು ಜಾಲಕ್ಕೆ ಮಾತ್ರ ಸೀಮಿತಗೊಳಿಸಿದ್ದರೆ, ಮನೆಯಲ್ಲಿ ಕೆಲಸ ಮಾಡುವ ಆ್ಯಪ್ ಶಾಲೆಯಲ್ಲಿ ಮೌನವಾಗಿರುತ್ತದೆ.

ಇಷ್ಟಾದರೂ ಹೆಸರು ಬಾರದಿದ್ದರೆ, ಕೂಗುವುದನ್ನು ಬಿಟ್ಟು ನೇರವಾಗಿ ಮನೆಬಾಗಿಲಿಗೇ ಹೋಗಿ. ಫೋನಿನ ಆ್ಯಪಿನ ಮೆನುವಿನಲ್ಲಿ ಐಪಿ ಮೂಲಕ ಸಾಧನ ಸೇರಿಸುವ ಆಯ್ಕೆ ಇದೆ. ಅಲ್ಲಿ ಲ್ಯಾಪ್‌ಟಾಪಿನ ಐಪಿ ಬರೆದು ಸೇರಿಸಿ, ಹಿಂದೆ ಬಂದು ಪಟ್ಟಿಯನ್ನು ಕೆಳಕ್ಕೆ ಎಳೆದು ಬಿಡಿ. ಕೆಲವು ರೂಟರುಗಳು ಎಲ್ಲರಿಗೂ ಕೂಗುವ ಸಂದೇಶವನ್ನು ಮಾತ್ರ ನುಂಗಿ, ನೇರ ಮಾತನ್ನು ಬಿಟ್ಟುಕೊಡುತ್ತವೆ. ಅಂಥಲ್ಲಿ ಇದೊಂದೇ ಕೆಲಸಕ್ಕೆ ಬರುವ ದಾರಿ. ಒಂದು ತೊಡಕೆಂದರೆ ಕರೆಂಟ್ ಹೋಗಿ ಬಂದಾಗ ರೂಟರ್ ಲ್ಯಾಪ್‌ಟಾಪಿಗೆ ಬೇರೆ ಸಂಖ್ಯೆ ಕೊಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆಂದು ಹೇಳಬೇಕಾಗಿಲ್ಲ. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಐಪಿ ಸಂಖ್ಯೆ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಲ್ಯಾಪ್‌ಟಾಪಿಗೆ ಒಂದು ಸಂಖ್ಯೆಯನ್ನು ಕಾದಿರಿಸಿದರೆ ಈ ಕಿರಿಕಿರಿ ಇರುವುದಿಲ್ಲ.

ಹೆಸರು ಬಂತು, ಪೇರ್ ಆಗುವುದಿಲ್ಲ

ಪೇರ್ ಒತ್ತಿದ ಕೂಡಲೇ ಇನ್ನೊಂದು ಕಡೆ ಒಪ್ಪಿಗೆ ಕೊಡಬೇಕು. ಆ ವಿನಂತಿ ಅರ್ಧ ನಿಮಿಷ ಮಾತ್ರ ಇರುತ್ತದೆ. ಆದ್ದರಿಂದ ಎರಡೂ ನಿಮ್ಮ ಕೈಯಳತೆಯಲ್ಲಿರಲಿ. ಎರಡು ಪರದೆಗಳಲ್ಲೂ ಕಾಣುವ ಪರಿಶೀಲನಾ ಸಂಕೇತ ಒಂದೇ ಎಂದು ಓದಿ ನೋಡಿ, ಆಮೇಲೆ ಒಪ್ಪಿ. ಸ್ಟಾಫ್ ರೂಮಿನಲ್ಲಿ ಹತ್ತು ಜನರ ಫೋನುಗಳಿರುವಾಗ ಇದನ್ನು ಬಿಡಬಾರದು.

ಒಪ್ಪಿದ ಮೇಲೂ ವಿಫಲವಾದರೆ ಗಡಿಯಾರ ನೋಡಿ. ಹೊಸ ಆವೃತ್ತಿಗಳು ಪೇರ್ ಮಾಡುವಾಗ ಎರಡು ಯಂತ್ರಗಳ ಸಮಯವನ್ನೂ ಹೋಲಿಸುತ್ತವೆ, ವ್ಯತ್ಯಾಸ ಹೆಚ್ಚಿದ್ದರೆ ಒಪ್ಪುವುದಿಲ್ಲ. ಏಪ್ರಿಲ್, ಮೇ ರಜೆಯಿಡೀ ಕಪಾಟಿನಲ್ಲಿದ್ದ ಹಳೆಯ ಲ್ಯಾಪ್‌ಟಾಪನ್ನು ಜೂನ್‌ನಲ್ಲಿ ತೆರೆದಾಗ ಅದು ಎಷ್ಟೋ ವರ್ಷಗಳ ಹಿಂದಿನ ತಾರೀಕು ತೋರಿಸುವುದುಂಟು. ಮದರ್‌ಬೋರ್ಡಿನ ನಾಣ್ಯದಂಥ ಸಣ್ಣ ಬ್ಯಾಟರಿ ಸತ್ತಿರುತ್ತದೆ. ಇಂಟರ್ನೆಟ್ ಸಿಕ್ಕ ಕೂಡಲೇ ಉಬುಂಟು ಸಮಯವನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಡೇಟಾ ಇಲ್ಲದ ಹಾಟ್‌ಸ್ಪಾಟ್‌ನಲ್ಲಿದ್ದರೆ ಮಾತ್ರ ಹಾಗೆಯೇ ಉಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಸರಿಮಾಡಿ ಮತ್ತೆ ಪ್ರಯತ್ನಿಸಿ.

ಫೋನ್ ಬದಲಾಯಿಸಿದ್ದರೆ, ಆ್ಯಪಿನ ಡೇಟಾ ಅಳಿಸಿದ್ದರೆ ಅಥವಾ ಲ್ಯಾಪ್‌ಟಾಪಿಗೆ ಲಿನಕ್ಸನ್ನು ಹೊಸದಾಗಿ ಹಾಕಿದ್ದರೆ ಹಳೆಯ ನೆನಪು ಒಂದು ಕಡೆ ಮಾತ್ರ ಉಳಿದಿರುತ್ತದೆ. ಆಗ, ಆಗ ಮಾತ್ರ, ಎರಡೂ ಕಡೆಯಿಂದ ಅನ್‌ಪೇರ್ ಮಾಡಿ ಹೊಸದಾಗಿ ಪೇರ್ ಮಾಡಿ. ಎಲ್ಲರೂ ಮೊದಲು ಮಾಡುವ ಈ ಕೆಲಸವನ್ನು ನಾನು ಬೇಕೆಂದೇ ಇಷ್ಟು ಕೆಳಗೆ ಇಟ್ಟಿದ್ದೇನೆ.

ಪೇರ್ ಆದ ಮೇಲೆ ಲ್ಯಾಪ್‌ಟಾಪಿನಿಂದ ಫೋನನ್ನು ರಿಂಗ್ ಮಾಡಿಸಿ ನೋಡಿ. ರಿಂಗ್ ಆದರೆ ಸಂಪರ್ಕ ಗಟ್ಟಿ. ಆಮೇಲೆ ಫೋನಿನ ಗ್ಯಾಲರಿಯಲ್ಲಿ ವೀಡಿಯೊ ಆರಿಸಿ, ಶೇರ್ ಒತ್ತಿ, ಕೆಡಿಇ ಕನೆಕ್ಟ್ ಆರಿಸಿ, ಲ್ಯಾಪ್‌ಟಾಪಿನ ಹೆಸರು ಒತ್ತಿದರೆ ಕಡತ ಡೌನ್‌ಲೋಡ್ಸ್ ಫೋಲ್ಡರಿಗೆ ಬಂದು ಬೀಳುತ್ತದೆ.

ಸ್ವಲ್ಪ ಹೊತ್ತಿನ ಬಳಿಕ ತಾನಾಗಿಯೇ ಕಡಿದುಹೋಗುವುದಾದರೆ ಅದು ಬಹುತೇಕ ಫೋನಿನ ಬ್ಯಾಟರಿ ಉಳಿತಾಯದ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಕೆಡಿಇ ಕನೆಕ್ಟ್‌ನ ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಫೋನಿನಲ್ಲಿ ಕಾಪಿ ಮಾಡಿದ ಪಠ್ಯ ಲ್ಯಾಪ್‌ಟಾಪಿಗೆ ತಾನಾಗಿ ಬರುವುದಿಲ್ಲ ಎಂದು ಕೇಳುವವರಿದ್ದಾರೆ. ಆಂಡ್ರಾಯ್ಡ್ 10ರಿಂದೀಚೆಗೆ ಹಿನ್ನೆಲೆಯಲ್ಲಿರುವ ಆ್ಯಪ್‌ಗಳು ಕ್ಲಿಪ್‌ಬೋರ್ಡ್ ಓದುವಂತಿಲ್ಲ. ಆ್ಯಪ್ ತೆರೆದು ಕ್ಲಿಪ್‌ಬೋರ್ಡ್ ಕಳುಹಿಸುವ ಗುಂಡಿ ಒತ್ತಬೇಕು. ಐಫೋನ್‌ನಲ್ಲೂ ಕೆಡಿಇ ಕನೆಕ್ಟ್ ಸಿಗುತ್ತದೆ, ಆದರೆ ಆ್ಯಪ್ ಪರದೆಯ ಮೇಲೆ ತೆರೆದಿರುವಾಗ ಮಾತ್ರ ಅದನ್ನು ನಂಬಬಹುದು.

ಬ್ಲೂಟೂತ್ ದಾರಿ

ಇಲ್ಲೂ ಕ್ರಮ ಅದೇ, ಕೆಳಗಿನಿಂದ ಮೇಲಕ್ಕೆ. ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಆನ್ ಆಗುವುದೇ ಇಲ್ಲವಾದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ಎಂದು ಕೊಡಿ. ಸಾಫ್ಟ್ ಬ್ಲಾಕ್ಡ್ ಎಂಬಲ್ಲಿ ‘ಯೆಸ್’ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಬ್ಲೂಟೂತ್’ ಸಾಕು. ಹಾರ್ಡ್ ಬ್ಲಾಕ್ಡ್ ಎಂಬಲ್ಲಿ ‘ಯೆಸ್’ ಇದ್ದರೆ ಯಾವ ಆಜ್ಞೆಯೂ ನಡೆಯುವುದಿಲ್ಲ. ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಸ್ವಿಚ್ ಅಥವಾ ವಿಮಾನದ ಚಿತ್ರವಿರುವ ಕೀ ನೋಡಿ. ಪಟ್ಟಿಯಲ್ಲಿ ಬ್ಲೂಟೂತ್ ಎಂಬ ಸಾಲೇ ಇಲ್ಲದಿದ್ದರೆ ಲಿನಕ್ಸ್‌ಗೆ ಆ ಚಿಪ್ ಕಾಣುತ್ತಿಲ್ಲ. ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಒಂದು ನಿಮಿಷ ಬಿಟ್ಟು ಹಾಕಿ. ರೀಸ್ಟಾರ್ಟ್ ಮಾಡಿದರೆ ಸಾಲದು, ಚಿಪ್‌ಗೆ ಹೋಗುವ ವಿದ್ಯುತ್ ನಿಲ್ಲಬೇಕು. ಚಿಪ್ ಇದ್ದೂ ಸ್ಪಂದಿಸದಿದ್ದರೆ ‘ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಬ್ಲೂಟೂತ್’ ಕೊಟ್ಟು ಸೇವೆಯನ್ನು ಹೊಸದಾಗಿ ಎಬ್ಬಿಸಿ.

ಸೆಟ್ಟಿಂಗ್ಸ್‌ನ ಕಿಟಕಿಯಲ್ಲಿ ಪೇರಿಂಗ್ ಪದೇ ಪದೇ ವಿಫಲವಾದರೆ ಟರ್ಮಿನಲ್‌ನಲ್ಲಿ ‘ಬ್ಲೂಟೂತ್‌ಸಿಟಿಎಲ್’ ಎಂದು ಕೊಡಿ. ಒಳಗೆ ಒಂದೊಂದಾಗಿ ‘ಪವರ್ ಆನ್’, ‘ಏಜೆಂಟ್ ಆನ್’, ‘ಸ್ಕ್ಯಾನ್ ಆನ್’. ಫೋನಿನ ಬ್ಲೂಟೂತ್ ಪುಟ ಆಗ ತೆರೆದಿರಬೇಕು, ಇಲ್ಲವಾದರೆ ಫೋನು ಅಡಗಿಕೊಂಡಿರುತ್ತದೆ. ಫೋನಿನ ಹೆಸರಿನ ಜೊತೆ ಎರಡೆರಡು ಅಕ್ಷರಗಳ ಆರು ಜೋಡಿಯ ವಿಳಾಸ ಬರುತ್ತದೆ. ‘ಪೇರ್’ ಎಂದು ಬರೆದು ಆ ವಿಳಾಸ ಕೊಡಿ. ಎರಡೂ ಕಡೆ ಬರುವ ಆರಂಕಿಯ ಸಂಖ್ಯೆ ಹೊಂದಿದರೆ ‘ಯೆಸ್’ ಎನ್ನಿ, ಬಳಿಕ ‘ಟ್ರಸ್ಟ್’ ಎಂದು ಬರೆದು ಅದೇ ವಿಳಾಸ ಕೊಡಿ. ಈ ಟ್ರಸ್ಟ್ ಅನ್ನು ಬಿಟ್ಟುಬಿಟ್ಟರೆ ಪ್ರತಿ ಸಲವೂ ಲ್ಯಾಪ್‌ಟಾಪ್ ಅನುಮತಿ ಕೇಳುತ್ತಿರುತ್ತದೆ. ಮುಗಿದ ಮೇಲೆ ‘ಎಕ್ಸಿಟ್’.

ಪೇರ್ ಆದ ಕೆಲವು ಸೆಕೆಂಡಿನಲ್ಲಿ ಫೋನ್ ‘ಡಿಸ್ಕನೆಕ್ಟೆಡ್’ ಎಂದು ತೋರಿಸಿದರೆ ಗಾಬರಿ ಬೇಡ. ಹೆಡ್‌ಫೋನಿನ ಹಾಗೆ ಫೋನೂ ಲ್ಯಾಪ್‌ಟಾಪೂ ಸದಾ ಅಂಟಿಕೊಂಡಿರುವುದಿಲ್ಲ, ಕಡತ ಕಳುಹಿಸುವ ಹೊತ್ತಿಗೆ ಸೇರಿ ಮತ್ತೆ ಬಿಡುತ್ತವೆ. ಇದನ್ನು ದೋಷವೆಂದು ತಿಳಿದು ಅನ್‌ಪೇರ್, ಪೇರ್ ಎಂದು ಗಂಟೆಗಟ್ಟಲೆ ಮಾಡಿದವರಿದ್ದಾರೆ. ಇನ್ನೊಂದು ಅಂಥದ್ದೇ ಸಂಗತಿ: ಗ್ನೋಮ್‌ನಲ್ಲಿ ಫೋನಿನಿಂದ ಕಡತ ಪಡೆಯಲು ಸೆಟ್ಟಿಂಗ್ಸ್‌ನ ಬ್ಲೂಟೂತ್ ಪುಟ ತೆರೆದೇ ಇರಬೇಕು. ಅದನ್ನು ಮುಚ್ಚಿದರೆ ಲ್ಯಾಪ್‌ಟಾಪ್ ಕಡತ ಬೇಡ ಎನ್ನುತ್ತದೆ, ಫೋನು ‘ಫೇಲ್ಡ್’ ಎಂದಷ್ಟೇ ಹೇಳುತ್ತದೆ. ಐಫೋನಿನಿಂದ ಲಿನಕ್ಸ್‌ಗೆ ಬ್ಲೂಟೂತ್‌ನಲ್ಲಿ ಕಡತ ಕಳುಹಿಸಲು ಆಗುವುದೇ ಇಲ್ಲ, ಅದಕ್ಕಾಗಿ ಹೊತ್ತು ಕಳೆಯಬೇಡಿ.

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸೂ ಲಿನಕ್ಸೂ ಇದ್ದರೆ ವಿಚಿತ್ರ ತೊಂದರೆಯೊಂದು ಬರುತ್ತದೆ. ವಿಂಡೋಸ್‌ನಲ್ಲಿ ಪೇರ್ ಮಾಡಿದರೆ ಲಿನಕ್ಸ್‌ನಲ್ಲಿ ತಪ್ಪುತ್ತದೆ, ಲಿನಕ್ಸ್‌ನಲ್ಲಿ ಮಾಡಿದರೆ ವಿಂಡೋಸ್‌ನಲ್ಲಿ. ಪೇರ್ ಮಾಡಿದಾಗ ಎರಡೂ ಕಡೆ ಒಂದು ಗುಪ್ತ ಕೀ ಉಳಿಯುತ್ತದೆ. ಚಿಪ್ ಒಂದೇ ಆದುದರಿಂದ ಫೋನಿಗೆ ಎರಡೂ ಒಂದೇ ಲ್ಯಾಪ್‌ಟಾಪಾಗಿ ಕಾಣುತ್ತದೆ, ಕೊನೆಯ ಕೀಯನ್ನು ಮಾತ್ರ ಅದು ನೆನಪಿಟ್ಟುಕೊಳ್ಳುತ್ತದೆ. ವಿಂಡೋಸ್‌ನಿಂದ ಕೀ ತೆಗೆದು ಲಿನಕ್ಸ್‌ನಲ್ಲಿ ಬರೆಯುವ ವಿಧಾನ ಉಂಟು, ಆದರೆ ನಾನು ಯಾರಿಗೂ ಅದನ್ನು ಹೇಳುವುದಿಲ್ಲ. ಒಂದಕ್ಷರ ತಪ್ಪಿದರೂ ಕೆಡುತ್ತದೆ. ಬ್ಲೂಟೂತನ್ನು ಒಂದು ವ್ಯವಸ್ಥೆಗೆ ಮೀಸಲಿಟ್ಟು, ಇನ್ನೊಂದರಲ್ಲಿ ಕೆಡಿಇ ಕನೆಕ್ಟ್ ಬಳಸಿ.

ಬ್ಲೂಟೂತ್ ಹಿಡಿದು ಹಿಡಿದು ಬಿಡುತ್ತಿದ್ದರೆ ಯುಎಸ್‌ಬಿ 3 ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಪಕ್ಕದಲ್ಲೇ ಚುಚ್ಚಿದೆಯೇ ಎಂದು ನೋಡಿ. ಅದು ಕೆಲಸ ಮಾಡುವಾಗ ಹೊರಡುವ ಗದ್ದಲ ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. 2.4ರ ವೈಫೈಯೂ ಅದೇ ಪಟ್ಟಿಯದು. ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿದರೆ ಬ್ಲೂಟೂತ್‌ಗೆ ಜಾಗ ಸಿಗುತ್ತದೆ.

ಪ್ರೊಜೆಕ್ಟರ್ ಮುಂದೆ

ಪೇರಿಂಗ್ ಸರಿಯಾದ ಮೇಲೆ ಬರುವ ಅಪಾಯವೊಂದಿದೆ, ಇದನ್ನು ಹೇಳದೆ ಮುಗಿಸಿದರೆ ನನ್ನ ತಪ್ಪಾಗುತ್ತದೆ. ಕೆಡಿಇ ಕನೆಕ್ಟ್‌ಗೆ ಅನುಮತಿ ಕೊಟ್ಟರೆ ಫೋನಿಗೆ ಬರುವ ನೋಟಿಫಿಕೇಶನ್‌ಗಳು ಲ್ಯಾಪ್‌ಟಾಪಿನಲ್ಲೂ ಕಾಣುತ್ತವೆ. ಲ್ಯಾಪ್‌ಟಾಪ್ ಪ್ರೊಜೆಕ್ಟರಿಗೆ ಸೇರಿದ್ದರೆ ಬ್ಯಾಂಕಿನ ಒಟಿಪಿ, ಆಸ್ಪತ್ರೆಯ ಸಂದೇಶ, ಮನೆಯವರ ಖಾಸಗಿ ಮಾತು ಎಲ್ಲವೂ ನಲವತ್ತು ಮಕ್ಕಳ ಎದುರು ಗೋಡೆಯ ಮೇಲೆ ಬರುತ್ತದೆ. ಒಂದು ಶಾಲೆಯಲ್ಲಿ ಹಾಗಾಗಿ, ಆ ಟೀಚರ್ ತರಗತಿಯಿಂದ ಅಳುತ್ತಾ ಹೊರಬಂದದ್ದನ್ನು ನಾನು ಕಂಡಿದ್ದೇನೆ. ಆ ದಿನದಿಂದ ಯಾರಿಗೆ ಪೇರ್ ಮಾಡಿಕೊಟ್ಟರೂ ಮೊದಲು ಫೋನಿನ ಆ್ಯಪಿನಲ್ಲಿ ಪ್ಲಗಿನ್ ಪಟ್ಟಿ ತೆರೆಸುತ್ತೇನೆ. ನೋಟಿಫಿಕೇಶನ್, ಎಸ್‌ಎಂಎಸ್, ಸಂಪರ್ಕ ಪಟ್ಟಿ, ಕರೆ ಮಾಹಿತಿ ಈ ನಾಲ್ಕನ್ನೂ ಆಫ್ ಮಾಡಿಸುತ್ತೇನೆ. ಕಡತ ಹಂಚುವುದು ಮತ್ತು ಸ್ಲೈಡ್ ತಿರುಗಿಸುವ ರಿಮೋಟ್ ಇವೆರಡು ಪಾಠಕ್ಕೆ ಸಾಕು. ಸ್ಲೈಡ್ ರಿಮೋಟ್ ನಿಜಕ್ಕೂ ಒಳ್ಳೆಯದು, ಕೊನೆಯ ಬೆಂಚಿನ ಪಕ್ಕ ನಿಂತು ಪಾಠ ಮಾಡಬಹುದು.

ಶಾಲೆಯ ಲ್ಯಾಪ್‌ಟಾಪ್ ಕೈಯಿಂದ ಕೈಗೆ ಹೋಗುವ ವಸ್ತು. ಮಾರ್ಚ್‌ನಲ್ಲಿ ಅದನ್ನು ಸ್ಟೋರಿಗೆ ಒಪ್ಪಿಸುವ ಮೊದಲು ಫೋನಿನ ಆ್ಯಪಿನಲ್ಲಿ ಆ ಲ್ಯಾಪ್‌ಟಾಪಿನ ಹೆಸರು ತೆರೆದು ಅನ್‌ಪೇರ್ ಒತ್ತಿ. ಲ್ಯಾಪ್‌ಟಾಪಿನ ಬ್ಲೂಟೂತ್ ಪಟ್ಟಿಯಿಂದ ನಿಮ್ಮ ಫೋನನ್ನು ತೆಗೆಯಿರಿ, ಫೋನಿನ ಪಟ್ಟಿಯಿಂದ ಲ್ಯಾಪ್‌ಟಾಪನ್ನೂ ತೆಗೆಯಿರಿ. ಡೌನ್‌ಲೋಡ್ಸ್ ಫೋಲ್ಡರನ್ನು ಒಮ್ಮೆ ತೆರೆದು, ಪಾಠದ ವೀಡಿಯೊಗಳ ನಡುವೆ ಸೇರಿಹೋದ ಮನೆಯ ಫೋಟೊಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಆಮೇಲೆ ಕೊಡಿ.